ಹಿನ್ನೆಲೆ ಸಂಗೀತ: ಅಣವೀರ, ಶಹಾಬಾದ

ಅಪ್ಪನ ಮಷೀನು ಬಿಳಿ ನಾಲ್ಕರಲ್ಲಿ ಶುರುವಾಗುತ್ತಿತ್ತು.
ಬ್ಲೇಡು ಫರಸಿಯನ್ನು ಕಚ್ಚಿದೊಡನೆ
ಅರ್ಧ ಸ್ವರ ಇಳಿಯುತ್ತಿತ್ತು,
ದಪ್ಪ ಕಲ್ಲಾದರೆ ಒಂದು ಪೂರಾ.
ಇದನ್ನು ತೋರಿಸಿಕೊಟ್ಟವರು ಲಾಲಮಹ್ಮದ ಮಾಸ್ತರು,
ನ್ಯೂ ಡೆಕ್ಕನ್ ಬ್ಯಾಂಡಿನ ಕ್ಲಾರಿಯೋನೆಟ್ಟು;
ಮದುವೆಗಳಿಲ್ಲದ ಆಷಾಢದಲ್ಲಿ
ನಮ್ಮ ಖಣಿಯ ಲೆಕ್ಕ ಬರೆಯುತ್ತಿದ್ದರು.
"ನಿಮ್ಮಪ್ಪ ದಿನಾ ಹಾಡ್ತಾನಲೇ," ಅಂದರು,
"ಸುರ ಒಂದೇ ಅದ. ಖರೇ ಅದ."

ಅವರ ಹಿಂದೆ ಆರು ವರ್ಷ ತಾಶಾ ಬಡಿದೆ.
ಕೆಂಪು ಕೋಟು, ಹಿತ್ತಾಳಿ ಗುಂಡಿ,
ಮಂದಿಯ ಮೆರವಣಿಗೆಗೆ ನಮ್ಮ ಬೆವರು.
ವರನ ಕುದುರೆ ಬೆದರದ ಹಾಗೆ ಬಾರಿಸುವುದು
ಯಾವ ಕಾಲೇಜಿನಲ್ಲೂ ಕಲಿಸದ ವಿದ್ಯೆ.

ಹೈದರಾಬಾದಿಗೆ ಹೋದದ್ದು ಕೀಬೋರ್ಡು ಕೊಳ್ಳಲು.
ಕೊಂಡೆ. ಅದರ ಸಾಲ ತೀರಿಸಲು ಉಳಿದೆ,
ಹದಿನೇಳು ವರ್ಷ.

ಒಂದು ಸಿನೆಮಾ ಮಾಡಿದೆ.
ಕಲಬುರಗಿಯಲ್ಲಿ ನಾಲ್ಕು ದಿನ ಓಡಿತು,
ಐದನೆಯ ದಿನ ಪೋಸ್ಟರಿನ ಮೇಲೆ
ಕೋಚಿಂಗ್ ಕ್ಲಾಸಿನ ಪೋಸ್ಟರು.
ನನ್ನ ಹೆಸರು ಅನುವೀರ ಎಂದಿತ್ತು.
ತಿದ್ದಿಸಲು ಹೋದರೆ ಪ್ರೊಡ್ಯೂಸರ್ ಕೇಳಿದ:
ಯಾರ್ ಓದ್ತಾರ್ರೀ ಅದನ್ನ?

ಆಮೇಲೆ ಸೀರಿಯಲ್ಲು. ಕಂತಿಗೆ ಎಂಟುನೂರು.
ಅತ್ತೆ ತಿರುಗಿ ನೋಡುತ್ತಾಳೆ, ಸಿಡಿಲು.
ಅದೇ ಅತ್ತೆ, ಅದೇ ತಿರುವು, ಬೇರೆ ಕ್ಯಾಮೆರಾ, ಸಿಡಿಲು.
ತೆಲುಗಿಗೂ ಕನ್ನಡಕ್ಕೂ ಒಂದೇ ಸಿಡಿಲು.
ಮೂರನೆಯ ಸಲ ಹಾಕದೆ ಬಿಟ್ಟರೆ
ಅತ್ತೆಯ ಪಾತ್ರದವರೇ ಫೋನು ಮಾಡುತ್ತಿದ್ದರು:
ನಿನ್ನೆ ನನ್ನ ಕಣ್ಣು ಖಾಲಿ ಕಾಣ್ತಿತ್ತಲ್ಲಪ್ಪ.
ಸೊಸೆಯ ಅಳುವಿಗೆ ಸಾರಂಗಿಯ ಒಂದೇ ಫೈಲು.
ನುಡಿಸಿದ ಮುದುಕ ತೀರಿಕೊಂಡ ಮೇಲೂ
ಅವನಿಂದ ಒಂಬೈನೂರು ಸಂಜೆ ಅಳಿಸಿದೆ.
ಈ ಲೆಕ್ಕ ಯಾರೂ ಕೇಳಿಲ್ಲ. ಬರೆದಿಟ್ಟಿದ್ದೇನೆ.

ಊರಲ್ಲಿ ಅವ್ವ ರಾತ್ರಿ ಎಂಟಕ್ಕೆ
ಟಿವಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಳ್ಳುತ್ತಿದ್ದಳು.
ನನ್ನ ಹೆಸರು ಬಂದು ಹೋಗುವುದು
ಶಹಾಬಾದಿಗೆ ನಿಲ್ಲದ ಸೂಪರ್‌ಫಾಸ್ಟ್ ಗಾಡಿಯ ಬೋರ್ಡಿನಂತೆ.
ಓದು ಬಾರದವಳು
'ಅ' ಅಕ್ಷರದ ಹೊಟ್ಟೆಯೊಂದನ್ನು ಗುರುತು ಹಿಡಿದಿದ್ದಳು;
ಹಾಗಾಗಿ ಮೇಕಪ್ಪಿನ ಅಶ್ವಿನಿ, ಲೈಟಿನ ಅರುಣ,
ಅಡುಗೆ ಎಣ್ಣೆಯ ಜಾಹೀರಾತು,
ಎಲ್ಲ ಅವಳ ಮಗನೇ.

ಅಪ್ಪನ ಕಿವಿ ಅಷ್ಟರಲ್ಲಿ ಕಲ್ಲಿಗೆ ಹೋಗಿತ್ತು.
ಮೂವತ್ತು ವರ್ಷದ ಬ್ಲೇಡು
ಮೇಲಿನ ಸ್ವರಗಳನ್ನೆಲ್ಲ ಕೊಯ್ದು ಹಾಕಿತ್ತು,
ತಳದವು ಮಾತ್ರ ಉಳಿದಿದ್ದವು.
ಒಮ್ಮೆ ಕೇಳಿದ:
ಕಪಾಟು ಬಿದ್ದಾಗ ಬಂತಲ್ಲ ಸಪ್ಪಳ, ನಿಂದೇನು?
ನಂದೇ ಅಂದೆ.
ನಾ ಕಪಾಟಿಂದ ಅಂದ್ಕೊಂಡಿದ್ದೆ, ಅಂದ.
ಅದು ಹೊಗಳಿಕೆಯೋ ಏನೋ,
ಇಬ್ಬರಿಗೂ ತಿಳಿಯಲಿಲ್ಲ.

ಒಂದು ದಿನ ಸೀರಿಯಲ್ಲಿನ ಮಾವ ಸತ್ತ.
(ನಟನಿಗೆ ಬೇರೆ ಚಾನೆಲ್ಲಿನಲ್ಲಿ ಕೆಲಸ ಸಿಕ್ಕಿತ್ತು.)
ನಿರ್ದೇಶಕ ಅಂದ: ಕೊಳಲು ಬೇಡ, ಸಾರಂಗಿ ಬೇಡ,
ಏನೋ ಬೇಕು.
ಏನೋ ಅಂದರೆ?
ಏನೋ ನಿಂತ ಹಾಗೆ.

ನನ್ನ ಹತ್ತಿರ ಒಂದು ಏಪ್ರಿಲ್ಲಿನ ಮಧ್ಯಾಹ್ನವಿತ್ತು,
ಖಣಿಯ ದಂಡೆಗೆ ನಿಂತು ಮೊಬೈಲಿಗೆ ಹಿಡಿದದ್ದು:
ಕರೆಂಟು ಹೋದ ಗಳಿಗೆ,
ಇಪ್ಪತ್ತು ಮೂವತ್ತು ಮಷೀನುಗಳು ಕೂಡಿಯೇ
ಬಿಳಿ ನಾಲ್ಕರಿಂದ ಜಾರುತ್ತ, ಜಾರುತ್ತ,
ಪೆಟ್ಟಿಗೆಯ ಮನೆಗಳೆಲ್ಲ ಮುಗಿದ ಮೇಲಿನ ಮಂದ್ರಕ್ಕೆ.
ಆಮೇಲೆ ನೀರಿನ ಪೈಪು ತೊಟ್ಟಿಕ್ಕುವುದು,
ಯಾರೋ ಕೆಮ್ಮುವುದು,
ದೂರದಿಂದ ಒಬ್ಬಾಕೆ, ಊಟಕ್ಕ ಏಳ್ರಿ.

ಹನ್ನೊಂದು ಸೆಕೆಂಡು.
ಆಕೆಯ ದನಿ ಕತ್ತರಿಸಿ ಉಳಿದದ್ದು ಕೊಟ್ಟೆ.
ಯಾವ ವಾದ್ಯ ಇದು? ಕೇಳಿದ.
ನಮ್ಮ ಕಡೀದು, ಅಂದೆ.
ಮ್ಯೂಸಿಕ್ ಇಲ್ಲದ ಸೀನು ಎಂದು
ಆ ಕಂತಿನಲ್ಲಿ ಇನ್ನೂರು ಹಿಡಿದರು.

ತಂಗಿಯ ಕುಬಸಕ್ಕೆ ಬಂದವನು
ಅದು ಬಂದ ರಾತ್ರಿ ಊರಲ್ಲೇ ಇದ್ದೆ.
ಮಾವ ಉಸಿರು ಬಿಟ್ಟ.
ಮಷೀನುಗಳು ಇಳಿಯತೊಡಗಿದವು.
ಅವ್ವ ಸೆರಗನ್ನು ಬಾಯಿಗೊತ್ತಿದಳು.
ಅರೆನಿದ್ದೆಯ ಅಪ್ಪ ಎದ್ದ,
ಕೆನ್ನೆಯ ಮೇಲೆ ಟಿವಿಯ ನೀಲಿ,
ಗೋಡೆ ಹಿಡಿದು ಮೀಟರಿನ ಡಬ್ಬಿಯ ತನಕ ಹೋಗಿ
ಕೈಯಾಡಿಸಿದ. ನಮ್ಮ ಕಡೆ ತಿರುಗಿದ.
"ಕರೆಂಟ್ ಹೋಯ್ತಲ್ಲ," ಅಂದ,
"ಊಟಕ್ಕ ಏಳ್ರಿ."