ನಿಂತಲ್ಲೇ ಕುಡಿದದ್ದು

ನಮ್ಮಲ್ಲಿ ಕೇಳುವುದು: ಎಷ್ಟು ಕೊಡುತ್ತೆ?
ಲೀಟರಿಗೆ ಹದಿನೆಂಟೋ, ಇಪ್ಪತ್ತೋ,
ಹಸುವಿನ ಕೆಚ್ಚಲು ಮುಟ್ಟಿ ಕೇಳಿದ ಹಾಗೆ.
ಕೇಪ್ ಬ್ರೆಟನ್ನಿನ ಶೆಟಿಕಾಂಪಿನಲ್ಲಿ ಪ್ರಶ್ನೆ ತಿರುಗುಮುರುಗು:
ನೂರು ಕಿಲೋಮೀಟರಿಗೆ ಎಷ್ಟು ಕುಡಿಯುತ್ತೆ?
ಮದುವೆಗೆ ಮುಂಚೆ ಗಂಡಿನ ಬಗ್ಗೆ
ಪಕ್ಕದ ಮನೆಯವರನ್ನು ವಿಚಾರಿಸಿದ ಹಾಗೆ.

ಓಬೆಲಿನ್‌ಳ ಕಾರು ಒಂಬತ್ತು ವರ್ಷ
ಎಂಟು ಮುಕ್ಕಾಲು ಕುಡಿಯಿತು. ಬಾಯಿಮಾತಲ್ಲ, ಲೆಕ್ಕವಿದೆ.
ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಟಾರ್ಚಿನ ಪಕ್ಕ,
ಎಣ್ಣೆ ಕಲೆಯ ನೀಲಿ ಪುಸ್ತಕ:
ತಾರೀಖು, ಓಡಿದ್ದು, ಕುಡಿದದ್ದು, ಭಾಗಿಸಿದ್ದು.

ಅವಳದು ಕಾಲಿನ ಕೆಲಸ. ಮನೆ ಮನೆಗೆ ಹೋಗಿ
ಬಗ್ಗಲಾರದವರ ಉಗುರು ಕತ್ತರಿಸುವುದು,
ಸಕ್ಕರೆ ಕಾಯಿಲೆಯ ಹಿಮ್ಮಡಿಗಳನ್ನು
ಬೆಳಕಿಗೆ ಹಿಡಿದು ನೋಡುವುದು.
ಮಂಗಳವಾರ ಫ್ರೆಂಚ್ ಮೌಂಟನ್ ಹತ್ತಿ ಇಳಿದರೆ
ಪ್ಲೆಸೆಂಟ್ ಬೇಯಲ್ಲಿ ಹದಿನೈದು ಪಾದ.
(ಒಬ್ಬ ಮುದುಕನಿಗೆ ಒಂದೇ.)

ಕಾರನ್ನು ತಿಂದದ್ದು ದೂರವಲ್ಲ, ಉಪ್ಪು.
ಹಿಮ ಕರಗಲೆಂದು ರಸ್ತೆಗೆ ಸುರಿದದ್ದು.
ಈ ಮಾರ್ಚಿನಲ್ಲಿ ಕಾಲಡಿಯ ಚಾಪೆ ಎತ್ತಿದಳು,
ರಸ್ತೆ ಕಂಡಿತು.

ಪೋರ್ಟ್ ಹಾಕ್ಸ್‌ಬರಿಯ ಶೋರೂಮಿನಲ್ಲಿ ಒಂದೇ ಬಣ್ಣದ ಎರಡು.
ಒಂದರಲ್ಲಿ ಮುಂದಿನ ಚಕ್ರ ಮಾತ್ರ ದುಡಿಯುತ್ತವೆ,
ಹಿಂದಿನವು ಎಳೆದಲ್ಲಿಗೆ ಬರುತ್ತವೆ, ತಕರಾರಿಲ್ಲ.
ಇನ್ನೊಂದರಲ್ಲಿ ನಾಲ್ಕೂ ದುಡಿಯುತ್ತವೆ,
ನೂರಕ್ಕೆ ಅರ್ಧ ಲೀಟರಿನ ಮೇಲೆ ಒಂದು ಗುಟುಕು ಹೆಚ್ಚು ಕುಡಿಯುತ್ತವೆ,
ಬೆಲೆ ಎರಡು ಸಾವಿರದ ನಾನೂರು ಜಾಸ್ತಿ.
"ನಿಮ್ಮ ಕಡೆಯ ಗಾಳಿಗೆ ನಾಲ್ಕಿಲ್ಲದೆ ಆಗದು," ಅಂದ ಟ್ರೆಂಟ್,
ಬೂಟಿಗೆ ಇನ್ನೂ ಕೆಸರು ತಾಗದವನು.
ಬೆಳಿಗ್ಗೆ ಗಂಡ ಪ್ಲಾಸೀಡ್ ಅಂದದ್ದೂ ಅದೇ.
"ನಿನ್ನ ಏಡಿ ದೋಣಿಗೆ ಪ್ರೊಪೆಲ್ಲರು ಒಂದೇ,
ಅದೂ ಹಿಂದುಗಡೆ," ಅಂದಿದ್ದಳು ಓಬೆಲಿನ್.

ಪುಸ್ತಕ ತೆಗೆದಳು. ವರ್ಷಕ್ಕೆ ಇಪ್ಪತ್ತೆರಡು ಸಾವಿರ ಓಟ.
ಹೆಚ್ಚಿಗೆ ಕುಡಿಯುವುದು ನೂರ ಮೂವತ್ತೆರಡು ಲೀಟರು.
ಒಂಬತ್ತು ಚಳಿಗಾಲ ತಿರುವಿ ಎಣಿಸಿದಳು:
ನಾಲ್ಕು ಇದ್ದಿದ್ದರೆ ಅನ್ನಿಸಿದ ದಿನ
ವರ್ಷಕ್ಕೆ ಹನ್ನೊಂದು.
ಹನ್ನೊಂದು ದಿನ ಬರುವ ನೆಂಟನಿಗೆ
ವರ್ಷವಿಡೀ ಅಡುಗೆ.

ಆಗ ಬೆರಳು ಒಂದು ಸಾಲಿನ ಮೇಲೆ ನಿಂತಿತು.
ಫೆಬ್ರವರಿ ಒಂಬತ್ತು.
ಓಡಿದ್ದು: ಸೊನ್ನೆ. ಕುಡಿದದ್ದು, ಮುಳ್ಳು ನೋಡಿ: ಒಂಬತ್ತು ಲೀಟರು.
ಭಾಗಿಸಿದ್ದು: ಖಾಲಿ.
ಸೊನ್ನೆಯಿಂದ ಭಾಗಿಸಲು ಶಾಲೆಯ ಸಿಸ್ಟರ್ ಬಿಟ್ಟಿರಲಿಲ್ಲ.

ಬೆಟ್ಟದ ನಡುವೆ ಹಿಮ ತಳ್ಳುವ ಲಾರಿಯೇ ಅಡ್ಡ ತಿರುಗಿ
ಹಿಂದಿಲ್ಲ, ಮುಂದಿಲ್ಲ.
ಚರಂಡಿಯಲ್ಲಿ ಮೂಗು ಊರಿದ ಒಂದು ಗಾಡಿ,
ನಾಲ್ಕೂ ಚಕ್ರ ದುಡಿಯುವಂಥದ್ದು, ಟ್ಯಾಂಕು ಬತ್ತಿದ್ದು,
ಒಳಗೆ ಬದಲಿ ಮೇಷ್ಟ್ರು ಡೆನ್‌ಜಿಲ್,
ಅವನ ಕೋಟಿನೊಳಗೆ ಮೂರನೇ ಕ್ಲಾಸಿನ ಮೊಲ.
ಮೂವರೂ ಅವಳ ಕಾರಿನಲ್ಲಿ, ಎಂಜಿನ್ ನಿಲ್ಲಿಸದೆ, ಬೆಳಕಾಗುವವರೆಗೆ.
ಅರ್ಧ ಗಂಟೆಗೊಮ್ಮೆ ಇಳಿದು ಹೊಗೆಕೊಳವೆಯ ಬಾಯಿಂದ
ಹಿಮ ಕೆದರಿ ತೆಗೆದಳು, ಬರಿಗೈಯಲ್ಲಿ.
ಮೇಷ್ಟ್ರ ಕಾಲು ಮರಗಟ್ಟಿತ್ತು. ಬೂಟು ಬಿಚ್ಚಿಸಿ
ಎರಡೂ ಪಾದ ತನ್ನ ಸ್ವೆಟರಿನೊಳಗೆ ಇಟ್ಟುಕೊಂಡಳು.
ಅವನು ನಾಚಿಕೊಂಡ. ಅವಳಿಗೆ ಅದು ಕೆಲಸ.
ಊಟದ ಡಬ್ಬಿಯ ಕ್ಯಾರೆಟ್ ಮೊಲಕ್ಕೆ.

"ನಿಂತಾಗ ಎಷ್ಟು ಕುಡಿಯುತ್ತೆ?" ಕೇಳಿದಳು.
ಟ್ರೆಂಟ್ ಕಾಗದ ತಿರುವಿದ. ಹೆದ್ದಾರಿಯದಿತ್ತು,
ಪೇಟೆಯದಿತ್ತು, ಎರಡೂ ಕೂಡಿಸಿದ್ದಿತ್ತು.
"ನಿಂತದ್ದು ಯಾರೂ ಕೇಳುವುದಿಲ್ಲ, ಮೇಡಂ."

ಎರಡು ಚಕ್ರದ್ದನ್ನೇ ತಂದಳು.
ಉಳಿದ ದುಡ್ಡಿನಲ್ಲಿ ನಾಲ್ಕು ಚಳಿಗಾಲದ ಟಯರು:
ಹತ್ತುವುದಕ್ಕೆ ನಾಲ್ಕು ಬೇಕೇನೋ,
ನಿಲ್ಲುವುದಕ್ಕೆ ರಬ್ಬರೇ.
ಹೊಸ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಳು:
ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಸಬಾರದು.

ಅಂಗಳದಲ್ಲಿ ಪ್ಲಾಸೀಡ್ ಮಂಡಿಯೂರಿ
ಹಿಂದಿನ ಚಕ್ರಗಳ ನಡುವೆ ಇಣುಕಿದ.
ತಾನು ಬೇಕೆಂದ ದಂಡ ಅಲ್ಲಿ ಇಲ್ಲದ್ದನ್ನು
ಸ್ವಲ್ಪ ಹೊತ್ತು ನೋಡಿದ.
ಏನೂ ಅನ್ನಲಿಲ್ಲ. ಒಳಗೆ ಹೋಗಿ
ಗಿಡ್ಡ ಹಿಡಿಯ ಸಲಿಕೆ ತಂದು ಡಿಕ್ಕಿಯಲ್ಲಿಟ್ಟ,
ಪಕ್ಕದಲ್ಲಿ ಒಂದು ಜೊತೆ ಕೈಗವಸು,
ಎರಡು ಕ್ಯಾರೆಟ್.