ಕೆಲಸದ ನೀಲಿ

"ಓಟು ಹಾಕಿ ಆಗ್ಯಾದಲ್ಲಮ್ಮಾ?" ಅಂದರು ಬೂತಿನ ಮೇಷ್ಟ್ರು
ನನ್ನ ಎಡಗೈ ಹಿಡಿದು, ಕನ್ನಡಕ ಹಣೆಗೇರಿಸಿ.
ಹತ್ತೂ ಬೆರಳು ನೀಲಿ.
ಉಗುರಿನ ಸಂದಿ, ಗೆಣ್ಣಿನ ಗೆರೆ,
ಅಂಗೈಯ ಆಯುಷ್ಯರೇಖೆ ಕೂಡ.
ಇಲ್ರಿ ಸಾರ್, ಇದೇ ಮೊದಲ್ನೇದು.
ಇದು ಜೀನ್ಸಿನ ಬಣ್ಣ,
ದಿನಕ್ಕೆ ನಾನೂರು ಪ್ಯಾಂಟಿನ ದಾರ ಕತ್ತರಿಸ್ತೀನಿ.

ಮೂಲೆಯ ಏಜೆಂಟ್ ಎದ್ದ.
ಬೆಳ್ಳಿ ಕಡಗ, ಇಸ್ತ್ರಿ ಅಂಗಿ,
ಕೆಳಗೆ ನಮ್ಮ ಶೆಡ್ಡಿನದೇ ಪ್ಯಾಂಟು.
ಹೊಲಿಗೆ ನೋಡಿದರೆ ನಮಗೆ ಗೊತ್ತಾಗುತ್ತದೆ ಯಾರ ಕೈ ಅಂತ.
ಅದು ಮಾಬುನ್ನಿಯದು, ಜೇಬಿನ ತುದಿಗೆ ಒಂದು ಹೊಲಿಗೆ ಜಾಸ್ತಿ.
"ಅಬ್ಜೆಕ್ಷನ್," ಅಂದ.

ಸುಂಕಮ್ಮ ನಾಮಪತ್ರ ಹಾಕಿದ ದಿನದಿಂದ
ಅವರಿಗೆ ನಮ್ಮ ಓಣಿಯದೆಲ್ಲಾ ಅಬ್ಜೆಕ್ಷನ್ನೇ.
ಗುಂಡಿ ಮೆಷಿನ್ನಿನ ಸುಂಕಮ್ಮ, ಇಪ್ಪತ್ತೆರಡು ವರ್ಷ,
ಬಿ.ಎ.ಯಲ್ಲಿ ಇಂಗ್ಲಿಷ್ ಒಂದು ಉಳಿದಿದೆ.
ನಮ್ಮ ನಲ್ಲಿಗೆ ನೀರು ಹನ್ನೊಂದು ದಿನಕ್ಕೊಮ್ಮೆ,
ಬಟ್ಟೆ ತೊಳೆಯುವ ಘಟಕಕ್ಕೆ ರಾತ್ರಿಗೆ ಆರು ಟ್ಯಾಂಕರು.
ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು
ಎರಡು ತಿಂಗಳು ಎಣಿಸಿದವಳು
ಒಂದು ಸಂಜೆ ಕೌಲ್ ಬಜಾರಿನ ಮಿರ್ಚಿ ಬಂಡಿಯ ಮುಂದೆ
ಎಣ್ಣೆಗೈ ಪೇಪರಿಗೆ ಒರೆಸುತ್ತಾ ಅಂದಳು,
"ನಾನೇ ನಿಲ್ತೀನಿ."
ನಕ್ಕೆವು. ಗಾದಿಲಿಂಗನಂತೂ
ಒಗ್ಗಾಣಿ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದ.
ಅವಳು ನಗಲಿಲ್ಲ.

ಠೇವಣಿಗೆ ಬಾಬಿನ್ ಡಬ್ಬಿಯ ಚಿಲ್ಲರೆ.
ಗುಮಾಸ್ತ ಎರಡು ಸಲ ಎಣಿಸಿ
ಸವಕಲು ನಾಣ್ಯವೊಂದನ್ನು ವಾಪಸು ಕೊಟ್ಟ.
ಚಿಹ್ನೆ ಹೊಲಿಗೆ ಯಂತ್ರ. ಫ್ಲೆಕ್ಸಿಗೆ ದುಡ್ಡೆಲ್ಲಿ?
ಬ್ಲೀಚಿಗೆ ಕಡ್ಡಿ ಅದ್ದಿ ವೇಸ್ಟ್ ಜೇಬುಗಳ ಮೇಲೆ ಬರೆದೆವು.
ಬರೆಯುವಾಗ ಏನೂ ಕಾಣದು.
ಗಳಿಗೆ ಬಿಟ್ಟು, ನೀಲಿಯೊಳಗಿಂದ ಬೆಳ್ಳಗೆ ಎದ್ದು ಬರುತ್ತದೆ.

ಹೋದ ವರ್ಷ ಇದೇ ನಾವು
ಮುನ್ನೂರು ರೂಪಾಯಿ, ಒಂದು ಪೊಟ್ಟಣ ಪಲಾವಿಗೆ
ರಾಯಲ್ ಸರ್ಕಲ್ಲಿನ ಬಿಸಿಲಲ್ಲಿ ಯಾರ್ಯಾರದೋ ಬಾವುಟ ಹಿಡಿದು
ಯಾರ್ಯಾರಿಗೋ ಜೈ ಅಂದವರು.
ಆಗ ಗಂಟಲು ನೋಯಲಿಲ್ಲ.
ಈಗ ಒಂದು ಬಾಗಿಲ ಮುಂದೆ "ಅಕ್ಕಾರೇ" ಅನ್ನುವಷ್ಟರಲ್ಲಿ
ನಾಲಿಗೆ ಒಣಗುತ್ತದೆ.
ಹೊನ್ನೂರಬಿ ಅಜ್ಜಿ ಜೇಬಿನೊಳಗೆ ಬೆರಳಿಟ್ಟು ನೋಡಿದಳು,
"ಒಳಗೇನೂ ಇಲ್ಲಲ್ಲವ್ವಾ?"
"ಇಲ್ಲಬೇ," ಅಂದಳು ಸುಂಕಮ್ಮ.
ಅಷ್ಟೇ ಅವಳ ಭಾಷಣ.

ಸಾಬೂನು ತರಿಸಿದರು.
ಶಾಲೆಯ ತೊಟ್ಟಿಯ ತಳದಲ್ಲಿ ಒಂದು ತಂಬಿಗೆ ನೀರಿತ್ತು.
ತಿಕ್ಕಿದೆ. ನೊರೆ ನೀಲಿಯಾಯಿತು,
ಬೆರಳು ಹಾಗೇ ಇತ್ತು.
ನನ್ನ ಹಿಂದೆ ಗಾದಿಲಿಂಗ ತನ್ನ ಕೈಯೆತ್ತಿ ತೋರಿಸಿದ. ನೀಲಿ.
ಮಾಬುನ್ನಿ. ನೀಲಿ.
ಎರ್ರಿಸ್ವಾಮಿ, ಅವನವ್ವ, ಸಾಲು ಗೇಟಿನ ತನಕ.
ಪೊಲೀಸಪ್ಪ ಲಾಠಿ ತಟ್ಟಿದ,
"ಕೈ ಇಳಿಸ್ರಲೇ, ಅದೂ ಒಂದು ಚಿಹ್ನೆ ಐತಿ!"

ಮೇಷ್ಟ್ರು ಉಗುರನ್ನು ಕಿಟಕಿಯ ಬೆಳಕಿಗೆ ಹಿಡಿದರು.
ಬಹಳ ಹೊತ್ತು.
"ಶಾಯಿ ಕಪ್ಪಿರ್ತದೆ. ಇದು ದುಡಿದದ್ದು," ಅಂದರು,
ಏಜೆಂಟನಿಗಲ್ಲ, ತಮಗೇ ಎಂಬಂತೆ.
ಕಡ್ಡಿ ಗೀರಿದರು. ತಣ್ಣಗೆ.
ನೀಲಿಯ ಮೇಲೊಂದು ಗೆರೆ, ಕಂಡೂ ಕಾಣದ ಹಾಗೆ.

ಸೋತಳು. ಇನ್ನೂರಾ ಹದಿನೇಳು.
ಠೇವಣಿ ಹೋಯಿತು, ಡಬ್ಬಿ ಉಳಿಯಿತು.
ಗೆದ್ದವರು ನಮ್ಮ ಓಣಿಯ ಬಾಯಲ್ಲೇ ಪಟಾಕಿ ಹೊಡೆದರು, ಬೇಕಂತಲೇ.
ಹೊಗೆಯಲ್ಲಿ ಕೂತು ಸುಂಕಮ್ಮ ಲೆಕ್ಕ ಹಾಕುತ್ತಿದ್ದಳು.
"ಓಣಿ ಅಷ್ಟೂ ಹಾಕ್ತು ಅಂತ ಇಟ್ಕೋ, ನೂರಾ ತೊಂಬತ್ತು.
ಹಂಗಾದ್ರೆ ಈ ಇಪ್ಪತ್ತೇಳು ಯಾರವು?
ನಾವು ಬಾಗಿಲು ಬಡೀದ ಮನೇವು.
ಅವರನ್ನ ಹುಡುಕಬೇಕು."

ಇವತ್ತು ಶೆಡ್ಡಿನಲ್ಲಿ ದಾರ ಕತ್ತರಿಸುತ್ತಿದ್ದೇನೆ.
ತೋರುಬೆರಳಿನ ಉಗುರು ಬೆಳೆದು
ಕಪ್ಪು ಗೆರೆ ತುದಿಗೆ ಬಂದು ನಿಂತಿದೆ.
ಕತ್ತರಿ ಕೈಯಲ್ಲೇ ಇದೆ,
ಕತ್ತರಿಸಿಲ್ಲ.
ಗೋಡೆಯ ಮೇಲೆ ಸೀಮೆಸುಣ್ಣ ಒಂಬತ್ತು.
ನಾಳೆ ಗೆರೆ ಎಳೆಯುವ ಪಾಳಿ ನನ್ನದು.