ತಣ್ಣಗಿದ್ದಾಗಿನ ಅಳತೆ

ನಿಪ್ಪಾಣಿಯ ಮುರಗೂಡ ರೋಡಿಗೆ, ಪತ್ರಾ ಇಳಿಸಿದ ದುಕಾನದಾಗ
ಮೋಟಾರ್ ಸುತ್ತತೇನಿ ನಾನು. ಪಂಪು, ಮಿಕ್ಸರು, ಹಿಟ್ಟಿನ ಗಿರಣಿ.
ಬೋರ್ಡಿನ ಮ್ಯಾಲ ಇನ್ನೂ ಗಂಡನ ಹೆಸರೈತಿ.
ತಾಮ್ರದ ತಂತಿಗೆ ಯಾರ ಹೆಸರೂ ಗೊತ್ತಿಲ್ಲ.

ಶನಿವಾರ ಮಧ್ಯಾಹ್ನ ಭರತೇಶ ಬಂದ,
ತಂಬಾಕದ ವಖಾರಿ ಉಪಾಧ್ಯೆಯವರ ಮೊಮ್ಮಗ.
ಕರವಸ್ತ್ರ ಬಿಚ್ಚಿ ಮೇಜಿನ ಮ್ಯಾಲಿಟ್ಟ,
ಪೆನ್ನೂ ಅಲ್ಲ, ಟಾರ್ಚೂ ಅಲ್ಲ ಅನ್ನೂವಂಥಾದ್ದು.
"ಅಕ್ಕಾರ, ಸುಟ್ಟ ಹತ್ತಿ ವಾಸ್ನಿ ಬರತೈತ್ರಿ.
ಒಂದ ಸಲ ಜಗ್ಗಿದ್ರ ಗಂಟ್ಲ ಹರೀತೈತಿ."
ಮಾರಬಾರದಂತ ಕಾಯ್ದೆ ಐತಿ ಇದಕ್ಕ.
ಎಲ್ಲಿಂದ ತಂದಿ ಅಂತ ನಾ ಕೇಳಲಿಲ್ಲ, ಅಂವ ಹೇಳಲಿಲ್ಲ.

ಬಿಚ್ಚಿದೆ.
ಕಿರುಬೆರಳಿನ ಉಗುರಷ್ಟು ಸುರುಳಿ, ಸ್ಟೀಲಿನ ತಂತಿ, ಏಳು ಸುತ್ತು,
ಹೊಟ್ಟ್ಯಾಗ ಹತ್ತಿ, ಅಂಚು ಕರ್ರಗ.
ಹತ್ತು ಹಾರ್ಸಪವರ್ ಸುತ್ತಿದ ಕೈಗೆ ನಗಿ ಬಂತು.
ಮೀಟರ್ ಹಚ್ಚಿದೆ. ಮೀಟರಿನ ವಾಯರಿಂದೇ ಸೊನ್ನೆ ಪಾಯಿಂಟ್ ಎರಡು,
ಅದನ್ನ ಕಳದ್ರ ಉಳಿದದ್ದು ಅರ್ಧ ಓಮ್.
ಪರದೆ ಮ್ಯಾಲ ಮಾತ್ರ ಸೊನ್ನೆ ಪಾಯಿಂಟ್ ಐದು ಎಂಟು.

"ಇದಕ್ಕ ಕಾವು ನೋಡೂ ಕಣ್ಣಿಲ್ಲೋ ತಮ್ಮಾ.
ತಂತಿ ಕಾದಂಗ ತಡಿ ಹೆಚ್ಚತೈತಿ,
ಆ ತಡಿ ಎಣಿಸಿ ಬೆಂಕಿ ಎಷ್ಟಂತ ತಿಳಕೋತೈತಿ.
ತಣ್ಣಗಿದ್ದಾಗ ಎಷ್ಟಿತ್ತು, ಅದೊಂದು ಗೊತ್ತಿರಬೇಕು.
ಸುರುಳಿ ತಗದು ಹಾಕಿದ್ಯಾ?"
"ನಿನ್ನೆ ಸಂಜಿಗಿ."
"ಬಿಸಿ ಇತ್ತಾ?"
"ಆಗಷ್ಟ ಜಗ್ಗಿದ್ದೆ."
"ಹೊಸಾದೇನು ಅಂತ ಇದು ಕೇಳಿತ್ತಲ್ಲ?"
"ಹೂಂ ಒತ್ತಿದೆ."

ಅಲ್ಲೇ ತಪ್ಪೈತಿ.
ಕಾದದ್ದನ್ನ ತಣ್ಣಂದು ಅಂತ ಬರಕೊಂಡೈತಿ.
ಎರಡನೂರ ಹತ್ತು ಡಿಗ್ರಿ ಅಂತ ಅಂವ ಕೂಡಿಸಿದ್ರ
ಒಳಗ ತಂತಿ ಎಷ್ಟೋ ಮ್ಯಾಲೇರಿ ಹತ್ತಿ ಸುಡತೈತಿ;
ಪರದೆ ಮಾತ್ರ ಸಾಚಾ ಮಾರಿ ಮಾಡಿ
ಎರಡನೂರ ಹತ್ತೇ ತೋರಸತೈತಿ.

ನನ್ನ ಮನಿ ತುಂಬಿಸಿಕೊಂಡಾಗ
ಅವ್ವ ಸತ್ತು ಹದಿನೆಂಟು ದಿನ ಆಗಿತ್ತು.
ಬಾಯಿ ತಗದ್ರ ಕಿಡಿ, ತಗೀಲಿಲ್ಲಂದ್ರ ಹೊಗಿ.
ಅತ್ತಿ ಅವತ್ತೇ ಅಳದ್ಲು: ಇಕಿ ಇರೂದ ಹಿಂಗ.
ಮುಂದ ಹನ್ನೊಂದು ವರ್ಷ ನಾ ಎಷ್ಟು ಕರಕಾದ್ರೂ
ಆ ಮನ್ಯಾಗ ಎಲ್ಲಾರಿಗೂ ಲೆಕ್ಕ ಬರಾಬರಿ ಇತ್ತು.

ಅವ್ವ ಬೀಡಿ ಕಾರಖಾನ್ಯಾಗ ಭಟ್ಟಿ ಮುಂದ ಕೂಡತಿದ್ಲು.
ಕಟ್ಟು ಕಾಸೂ ಮೊದಲ ಅಂಗೈ ಹಿಡದು "ಸಾಕು" ಅಂತಿದ್ಲು,
ಕೈಯಾಗ ಅಂಕಿ ಇರಲಿಲ್ಲ.
ಅಂಗೈ ದಪ್ಪಾಗ್ತಾ ಹೋತು,
"ಸಾಕು" ತಡಾ ಆಗ್ತಾ ಹೋತು,
ಕೊನಿಕೊನಿಗೆ ಬೀಡಿ ಕಪ್ಪಾದ್ರೂ ಆಕಿಗೆ ಬೆಚ್ಚಗಷ್ಟೇ.
ಮುಕಾದಮ ಕೂಲಿ ಮುರದ.
ಕೆಮ್ಮೊಂದೇ ತಪ್ಪದ ಎಣಸತಿತ್ತು, ರಾತ್ರಿ ಎರಡಕ್ಕ, ನಾಲ್ಕಕ್ಕ.

ಹೊಸಾ ಹತ್ತಿ ಎಳದು ಕೂಡಿಸಿ
ಸುರುಳೀನ ನೀರಿನ ಕೊಡದ ಬದಿಗೆ ಇಟ್ಟೆ. ಫ್ಯಾನ್ ಹಚ್ಚಿದೆ.
ಹುಡುಗ ಕಾಲ ಅಲುಗಾಡಸಕೋತ ಕೂತ.
"ಎಷ್ಟೊತ್ತರೀ?"
"ಅದಕ್ಕ ಬೆಂಕಿ ಮರೀಲಿಕ್ಕೆ ಎಷ್ಟು ಬೇಕೋ ಅಷ್ಟು."
ಒಂದು ಚಾ ಆತು. ಕೊಲ್ಲಾಪುರದ ಬಸ್ಸು ಹೋತು.

ಈಗ ಸಿಗಿಸಿದೆ. ಮತ್ತ ಕೇಳ್ತು: ಹೊಸಾದೇನು?
"ಹೂಂ ಅನ್ನು," ಅಂದೆ. ಅಂದ.
ಸೊನ್ನೆ ಪಾಯಿಂಟ್ ಐದು ಸೊನ್ನೆ. ಬೀಗ ಒತ್ತಿದೆ.
ಅಂವ ಕಿಸೆ ತಡಕೂದ್ರಾಗ
ಡಿಗ್ರೀನ ನೂರಾ ಎಂಬತ್ತಕ್ಕ ಇಳಿಸಿದೆ, ಹೇಳಲಿಲ್ಲ.

"ನೀವೂ ಒಂದ ಜಗ್ಗತೀರೇನು?"
"ನಮ್ಮವ್ವ ನನ್ನ ಪಾಲಿಂದೂ ಜಗ್ಗ್ಯಾಳ. ನಲವತ್ತು ಕೊಡು."

ಅಂವ ಹೋದ ಮ್ಯಾಲ ಮೀಟರಿನ ಎರಡೂ ಮುಳ್ಳು
ನನ್ನ ಎರಡು ಹೆಬ್ಬೆರಳಿಗೆ ಒತ್ತಿ ನೋಡಿದೆ.
ಅಂಕಿ ನಿಲ್ಲವಲ್ದು, ಓಡತಿತ್ತು.
ಬಾಗಲದಾಗ ಪಂಪಿನ ಮಾಲಕ ಒದರಿದ:
"ಏನವಾ, ಇನ್ನೂ ಆಗಿಲ್ಲಾ?"

ತಡಿ, ಅಂದೆ.